ಡೈನೀನ್ ಹಿಡಿಯುವ ಹಸಿರು ಆ್ಯಂಟಿಬಾಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಕೋಣೆ ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಬ್ಯಾಚ್ ಬಂತು ಅಂದರೆ ಕೈಯಲ್ಲಿ ಸ್ಲೈಡ್, ಮುಖದಲ್ಲಿ ಗಾಬರಿ ಹೊತ್ತುಕೊಂಡು ಒಬ್ಬೊಬ್ಬರೇ ಬಾಗಿಲು ತಟ್ಟುತ್ತಾರೆ. ಮುಖ ಹೊಸದು, ಪ್ರಶ್ನೆ ಹಳೆಯದು. ಅದಕ್ಕೇ ಒಂದು ಸಲ ಕೂತು ಎಲ್ಲ ಬರೆದಿಟ್ಟೆ. ಇಲ್ಲಿ ಮಾತು ಡೈನೀನ್ ಇಂಟರ್ಮೀಡಿಯೇಟ್ ಚೈನ್ ಅನ್ನೋ ಪ್ರೋಟೀನನ್ನು ಹಿಡಿಯುವ, ಹಸಿರು ಡೈ ಅಂಟಿಸಿದ ಆ್ಯಂಟಿಬಾಡಿಯದು. ಆ್ಯಂಟಿಬಾಡಿ ಅಂದರೆ ಗುರಿಯಿಟ್ಟ ಒಂದು ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ಇನ್ನೊಂದು ಪ್ರೋಟೀನ್. ಡೈ ಇದ್ದರೆ ಅಂಟಿದ ಜಾಗ ಮೈಕ್ರೋಸ್ಕೋಪಿನಲ್ಲಿ ಹೊಳೆಯುತ್ತದೆ. ಬೇರೆ ಹೊಳೆಯುವ ಆ್ಯಂಟಿಬಾಡಿ ಬಳಸುವವರಿಗೂ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ.

ಮೊದಲಿಗೆ, ಡೈನೀನ್ ಅಂದರೆ ಏನು?

ಸೆಲ್ ಒಳಗೆ ಸಾಮಾನು ಸಾಗಿಸುವ ಮೋಟಾರ್ ಪ್ರೋಟೀನ್. ಮೈಕ್ರೊಟ್ಯೂಬ್ಯೂಲ್ ಅನ್ನೋ ಕೊಳವೆಗಳೇ ಅದಕ್ಕೆ ರಸ್ತೆ. ಒಂದೊಂದು ಕೊಳವೆಯ ಅಗಲ ಸುಮಾರು 25 ನ್ಯಾನೊಮೀಟರ್. ಸಾಮಾನ್ಯ ಸೆಲ್‌ಗಳಲ್ಲಿ ಈ ರಸ್ತೆಗಳೆಲ್ಲ ನ್ಯೂಕ್ಲಿಯಸ್ ಪಕ್ಕದ ಸೆಂಟ್ರೊಸೋಮ್‌ನಿಂದ ಹೊರಟು ಅಂಚಿನ ಕಡೆಗೆ ಹರಡಿರುತ್ತವೆ. ಸೆಂಟ್ರೊಸೋಮನ್ನು ಮೆಜೆಸ್ಟಿಕ್ ಅಂದುಕೊಳ್ಳಿ. ಮೆಜೆಸ್ಟಿಕ್ ಕಡೆ ಹೋಗುವ ಬಸ್ಸು ಡೈನೀನ್. ಅಲ್ಲಿಂದ ಹೊರಡುವ ಬಸ್ಸುಗಳಲ್ಲಿ ಬಹುಪಾಲು ಕೈನೆಸಿನ್ ಕುಟುಂಬದವು.

ಓಡುವಾಗ ಡೈನೀನ್ ವೇಗ ಹೆಚ್ಚುಕಡಿಮೆ ಸೆಕೆಂಡಿಗೆ 1 ಮೈಕ್ರೊಮೀಟರ್. ಕಡಿಮೆ ಅನ್ನಿಸುತ್ತೆ ಅಲ್ವಾ? ನಮ್ಮ ಕಾಲಿನ ಬೆರಳ ತುದಿಯಿಂದ ಬೆನ್ನುಹುರಿವರೆಗೆ ನರದ ಎಳೆ ಸುಮಾರು 1 ಮೀಟರ್ ಇದೆ. ಎಲ್ಲೂ ನಿಲ್ಲದೆ ಎಳೆದರೂ ಒಂದು ಮೂಟೆ ತಲುಪಲು 10 ಲಕ್ಷ ಸೆಕೆಂಡು, ಅಂದರೆ ಹನ್ನೊಂದೂವರೆ ದಿನ ಬೇಕು. ಈ ಮೋಟಾರಿನಲ್ಲಿ ದೋಷ ಬಂದಾಗ ಮೊದಲು ಏಟು ಬೀಳುವುದು ಉದ್ದನೆಯ ನರಗಳಿಗೆ ಯಾಕೆ ಅನ್ನೋದು ಈ ಲೆಕ್ಕದಿಂದಲೇ ಸ್ವಲ್ಪ ಅರ್ಥವಾಗುತ್ತದೆ.

ಡೈನೀನ್ ಅನ್ನೋ ಹೆಸರು 1965ರದು. ಟೆಟ್ರಾಹೈಮಿನಾ ಅನ್ನೋ ಒಂದೇ ಸೆಲ್ಲಿನ ಜೀವಿಯ ಸಿಲಿಯಾದಲ್ಲಿ (ಮೈಮೇಲಿನ ಕೂದಲಿನಂಥ ಎಳೆಗಳಲ್ಲಿ) ಇಯಾನ್ ಗಿಬನ್ಸ್ ಇದನ್ನು ಕಂಡು, ಬಲ ಅಳೆಯುವ 'ಡೈನ್' ಅನ್ನೋ ಮಾನದಿಂದ ಹೆಸರಿಟ್ಟರು. ಸೆಲ್ ಒಳಗೆ ಮೂಟೆ ಹೊರುವ ಡೈನೀನ್ ಗೊತ್ತಾಗಿದ್ದು ಆಮೇಲೆ, 1987ರಲ್ಲಿ. ಕೈನೆಸಿನ್ ಅದಕ್ಕಿಂತ ಎರಡು ವರ್ಷ ಮುಂಚೆ, 1985ರಲ್ಲಿ, ಸ್ಕ್ವಿಡ್‌ನ ದಪ್ಪ ನರದಿಂದ ಸಿಕ್ಕಿತ್ತು.

ಇಷ್ಟು ದೊಡ್ಡ ಮೋಟಾರಿನಲ್ಲಿ ಇಂಟರ್ಮೀಡಿಯೇಟ್ ಚೈನನ್ನೇ ಯಾಕೆ ಹಿಡಿಯಬೇಕು?

ಪೂರ್ತಿ ಡೈನೀನ್ ಸುಮಾರು 1,400 ಕಿಲೊಡಾಲ್ಟನ್ ತೂಗುತ್ತದೆ. ಕಾಲು ಹಾಕಿ ನಡೆಯುವುದು ಹೆವಿ ಚೈನ್. ಅದೊಂದೇ 500 ಕಿಲೊಡಾಲ್ಟನ್ ದಾಟುತ್ತದೆ, ತೂಕದ ಪ್ರಕಾರ ಬೇರ್ಪಡಿಸಲು ಜೆಲ್ ಮೇಲೆ ಓಡಿಸುವುದೇ ಒಂದು ತಪಸ್ಸು. ಇಂಟರ್ಮೀಡಿಯೇಟ್ ಚೈನ್ ಸುಮಾರು 74 ಕಿಲೊಡಾಲ್ಟನ್. ಒಂದೊಂದು ಮೋಟಾರಿಗೆ ಎರಡೆರಡು ಇರುತ್ತವೆ. ಡೈನಾಕ್ಟಿನ್ ಅನ್ನೋ ಜೊತೆಗಾರ ಬಂದು ಕೂರುವುದು ಇದರ ಒಂದು ತುದಿಯ ಮೇಲೆ. ಬಸ್ಸಿನ ಲೆಕ್ಕದಲ್ಲಿ ಇದು ಎಂಜಿನ್ ಅಲ್ಲ, ಬಾಗಿಲ ಹತ್ತಿರದ ಕಂಡಕ್ಟರ್.

ಇಂಡೆಂಟ್ ಬರೆಯುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಮನುಷ್ಯರಲ್ಲಿ ಇದಕ್ಕೆ ಎರಡು ಜೀನ್ ಇವೆ. ಒಂದರ ಪ್ರೋಟೀನ್ ಜಾಸ್ತಿ ಇರುವುದು ನರದ ಸೆಲ್‌ಗಳಲ್ಲಿ, ಇನ್ನೊಂದು ಎಲ್ಲ ಕಡೆ ಸಿಗುತ್ತದೆ. ಮೊದಲನೆಯದನ್ನು ಮಾತ್ರ ಹಿಡಿಯುವ ಆ್ಯಂಟಿಬಾಡಿ ತಂದು ಹೀಲಾ ಸೆಲ್ (ಲ್ಯಾಬಿನಲ್ಲಿ ಬೆಳೆಸುವ ಕ್ಯಾನ್ಸರ್ ಸೆಲ್, ನರದ್ದಲ್ಲ) ಮೇಲೆ ಹಾಕಿ, 'ಮೇಡಂ, ಏನೂ ಕಾಣಿಸ್ತಿಲ್ಲ' ಅಂದರೆ ನಾನೇನು ಮಾಡಲಿ?

ಬಣ್ಣ ಮೊದಲೇ ಅಂಟಿಸಿದ್ದು ಯಾಕೆ ಬೇಕು? ಸೆಕೆಂಡರಿ ಹಾಕಿದರೆ ಆಗಲ್ವಾ?

ಆಗುತ್ತದೆ. ಎಷ್ಟೋ ಸಲ ಅದೇ ಮೇಲು. ಪ್ರೋಟೀನನ್ನು ಹಿಡಿಯುವ ಆ್ಯಂಟಿಬಾಡಿ ಪ್ರೈಮರಿ, ಆ ಪ್ರೈಮರಿಯನ್ನು ಹಿಡಿಯುವ ಬಣ್ಣದ ಆ್ಯಂಟಿಬಾಡಿ ಸೆಕೆಂಡರಿ. ಒಂದು ಪ್ರೈಮರಿ ಮೇಲೆ ಹಲವು ಸೆಕೆಂಡರಿ ಕೂರುವುದರಿಂದ ಹೊಳಪು ಜಾಸ್ತಿ ಬರುತ್ತದೆ. ಬಣ್ಣ ಬದಲಾಯಿಸುವುದೂ ಸುಲಭ.

ನೇರ ಬಣ್ಣದ ಆ್ಯಂಟಿಬಾಡಿ ನಿಜವಾಗಿ ಬೇಕಾಗುವುದು ಇಲಿಯಲ್ಲಿ ತಯಾರಿಸಿದ ಎರಡು ಆ್ಯಂಟಿಬಾಡಿಗಳನ್ನು ಒಂದೇ ಸ್ಲೈಡಿನಲ್ಲಿ ಬಳಸಬೇಕಾದಾಗ. ಡೈನೀನ್‌ದೂ ಇಲಿಯದು, ಟ್ಯೂಬ್ಯುಲಿನ್‌ದೂ (ಮೈಕ್ರೊಟ್ಯೂಬ್ಯೂಲ್ ಕಟ್ಟುವ ಪ್ರೋಟೀನ್) ಇಲಿಯದು ಅಂದರೆ ಇಲಿ ಹಿಡಿಯುವ ಸೆಕೆಂಡರಿ ಎರಡಕ್ಕೂ ಅಂಟಿಕೊಳ್ಳುತ್ತದೆ. ಆಗ ಟ್ಯೂಬ್ಯುಲಿನ್ ಪ್ರೈಮರಿ, ಅದರ ಸೆಕೆಂಡರಿ, ನಂತರ ಇಲಿ ಸೀರಮ್ ಹಾಕಿ ಸೆಕೆಂಡರಿಯ ಖಾಲಿ ಕೈಗಳನ್ನು ಮುಚ್ಚಿ, ಕೊನೆಗೆ ಬಣ್ಣದ ಡೈನೀನ್ ಆ್ಯಂಟಿಬಾಡಿ. ಈ ಕ್ರಮ ತಿರುವುಮುರುವು ಮಾಡಬೇಡಿ. ಇಲಿಯ ಟಿಶ್ಯೂ ಮೇಲೆ ಇಲಿ ಆ್ಯಂಟಿಬಾಡಿ ಬಳಸುವಾಗಲೂ ಬಣ್ಣ ಅಂಟಿಸಿದ ಆ್ಯಂಟಿಬಾಡಿ ನಿಮ್ಮನ್ನು ಉಳಿಸುತ್ತದೆ.

ಅಲೆಕ್ಸಾ 488 ತಗೊಳ್ಳಲಾ, ಫಿಟ್ಸಿ ತಗೊಳ್ಳಲಾ?

ಎರಡೂ 495 ನ್ಯಾನೊಮೀಟರ್ ಹತ್ತಿರ ಬೆಳಕು ಹೀರಿ 520ರ ಹತ್ತಿರ ಹಸಿರು ಬೆಳಕು ಬಿಡುತ್ತವೆ. ಫಿಲ್ಟರ್ ಒಂದೇ ಸಾಕು. ಎಫ್‌ಐಟಿಸಿ, ಅಂದರೆ ಲ್ಯಾಬಿನವರ ಬಾಯಲ್ಲಿ ಫಿಟ್ಸಿ, ಅಗ್ಗ. ಆದರೆ ಬೆಳಕಿಗೆ ಬೇಗ ಮಾಸುತ್ತದೆ, ಹುಳಿ ಸ್ವಲ್ಪ ಜಾಸ್ತಿಯಾದರೂ ಮಂಕಾಗುತ್ತದೆ. ಫೋಕಸ್ ಹುಡುಕುತ್ತಾ ಎರಡು ನಿಮಿಷ ಕೂರುವವರಿಗೆ ಫಿಟ್ಸಿ ಬೇಡ. ದುಡ್ಡಿದ್ದರೆ ಅಲೆಕ್ಸಾ ತಗೊಳ್ಳಿ. ಸೆಲ್‌ನಲ್ಲಿ ಆಗಲೇ ಜಿಎಫ್‌ಪಿ (ತಾನೇ ಹಸಿರಾಗಿ ಹೊಳೆಯುವ ಪ್ರೋಟೀನ್) ಇದ್ದರೆ ಎರಡೂ ಬೇಡ, ಹಸಿರಿನ ಮೇಲೆ ಹಸಿರು ಬಿದ್ದು ಯಾವುದು ಯಾವುದೆಂದು ತಿಳಿಯುವುದಿಲ್ಲ. ಕೆಂಪು ಡೈ ಇರುವುದನ್ನು ತರಿಸಿ.

ಪಾರ್ಸೆಲ್ ಬಂತು. ಮೈನಸ್ 20ಕ್ಕೆ ಹಾಕಿಬಿಡಲಾ?

ಬೇಡ. ಲೇಬಲ್ ಓದಿ. ದ್ರವವಾಗಿ ಬರುವ ಬಣ್ಣದ ಆ್ಯಂಟಿಬಾಡಿಗಳಲ್ಲಿ ಹೆಚ್ಚಿನವನ್ನು 2ರಿಂದ 8 ಡಿಗ್ರಿಯಲ್ಲಿ, ಕತ್ತಲಲ್ಲಿ ಇಡಬೇಕು. ಹೆಪ್ಪುಗಟ್ಟಿ ಕರಗಿದರೆ ಆ್ಯಂಟಿಬಾಡಿಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ.

ಈ ತಪ್ಪು ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಶುಕ್ರವಾರ ಸಂಜೆ ಆರೂವರೆಗೆ ಗೇಟಿನಿಂದ ಫೋನು ಬಂತು. ಥರ್ಮಾಕೋಲ್ ಡಬ್ಬಿ ಮಧ್ಯಾಹ್ನದಿಂದ ಸೆಕ್ಯುರಿಟಿ ಮೇಜಿನ ಕೆಳಗೇ ಕೂತಿತ್ತು. ಒಳಗಿನ ಜೆಲ್ ಪ್ಯಾಕ್ ಆಗಲೇ ಮೆತ್ತಗಾಗಿತ್ತು. ಗಾಬರಿಯಲ್ಲಿ ವೈಯಲ್ ತೆಗೆದು ಸೀದಾ ಮೈನಸ್ 20ಕ್ಕೆ ತುರುಕಿದೆ. ಸೋಮವಾರ ಕರಗಿಸಿ ಹಾಕಿದರೆ ಸ್ಲೈಡ್ ತುಂಬ ಹಸಿರು ಸಾಸಿವೆ ಕಾಳು ಚೆಲ್ಲಿದ ಹಾಗೆ. ತಮಾಷೆ ಏನು ಗೊತ್ತಾ? ಗೇಟಿನಲ್ಲಿ ಕಳೆದ ಮಧ್ಯಾಹ್ನದಿಂದ ಅದಕ್ಕೆ ಬಹುಶಃ ಏನೂ ಆಗುತ್ತಿರಲಿಲ್ಲ. ಆ್ಯಂಟಿಬಾಡಿ ಕೆಲವು ಗಂಟೆ ಸೆಕೆ ತಡೆಯುತ್ತದೆ. ಕೆಡಿಸಿದ್ದು ನನ್ನ ಕಾಳಜಿ.

ಈಗ ಆರ್ಡರ್ ಹಾಕುವಾಗಲೇ ಡೀಲರ್‌ಗೆ ಹೇಳುತ್ತೇನೆ: ಶುಕ್ರವಾರ ಬೇಡ, ಯುಗಾದಿ-ದಸರಾ ರಜೆಯ ಹಿಂದಿನ ದಿನ ಬೇಡ. ವೈಯಲ್ ಬಂದ ಕೂಡಲೇ ಮುಚ್ಚಳದ ಮೇಲೆ ತಾರೀಖು ಬರೆದು, ಫಾಯಿಲ್ ಸುತ್ತಿ, ಫ್ರಿಜ್‌ನ ಒಳಗಿನ ಮೂಲೆಗೆ ಇಡುತ್ತೇನೆ. ಬಾಗಿಲಿನ ಗೂಡಿನಲ್ಲಿ ಇಡಬೇಡಿ. ಕರೆಂಟ್ ಹೋದಾಗ ಮೊದಲು ಬಿಸಿಯಾಗುವ ಜಾಗ ಅದೇ.

ಎಷ್ಟು ಡೈಲ್ಯೂಷನ್, ಅಂದರೆ ಎಷ್ಟು ತೆಳು ಮಾಡಬೇಕು?

ಡಬ್ಬಿಯ ಮೇಲೆ ಬರೆದಿರುವುದು ಶುರು ಮಾಡಲಿಕ್ಕೆ ಮಾತ್ರ. 1:50, 1:100, 1:200, 1:400 ಅಂತ ನಾಲ್ಕು ಕವರ್‌ಸ್ಲಿಪ್ (ಸೆಲ್ ಅಂಟಿರುವ ತೆಳು ಗಾಜು) ಮಾಡಿ, ಒಂದೇ ಲೇಸರ್ ಸೆಟ್ಟಿಂಗ್‌ನಲ್ಲಿ ನೋಡಿ. ತುಂಬಾ ಹೊಳೆಯುವುದನ್ನು ಆರಿಸಬೇಡಿ. ಡೈನೀನ್ ಇರಬೇಕಾದ ಜಾಗಕ್ಕೂ ಸುತ್ತಲಿನ ಜಾಗಕ್ಕೂ ಅಂತರ ಚೆನ್ನಾಗಿ ಕಾಣುವುದನ್ನು ಆರಿಸಿ.

ಉಳಿತಾಯದ ದಾರಿ ಹೀಗಿದೆ. ಬಳಸುವ ಮುಂಚೆ ವೈಯಲನ್ನು ಒಂದೈದು ನಿಮಿಷ ಜೋರಾಗಿ ಸ್ಪಿನ್ ಮಾಡಿ, ಗಂಟುಗಳು ತಳಕ್ಕೆ ಇಳಿಯಲಿ. ಮೇಲಿನಿಂದ ಮಾತ್ರ ತೆಗೆಯಿರಿ. ಪ್ಯಾರಾಫಿಲ್ಮ್ ಮೇಲೆ 40 ಮೈಕ್ರೊಲೀಟರ್ ಹನಿ ಬಿಟ್ಟು, ಕವರ್‌ಸ್ಲಿಪ್ಪನ್ನು ಸೆಲ್ ಇರುವ ಮುಖ ಕೆಳಗೆ ಮಾಡಿ ಮೆಲ್ಲಗೆ ಮಲಗಿಸಿ. ಇದನ್ನೆಲ್ಲ ಒದ್ದೆ ಟಿಶ್ಯೂ ಪೇಪರ್ ಹಾಸಿದ ಸ್ಟೀಲ್ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿ. ಊಟದ ಡಬ್ಬಿಯಂಥದ್ದೇ, ಆದರೆ ಲ್ಯಾಬಿಗೇ ಮೀಸಲು. ಬೆಳಕು ಹೋಗುವುದಿಲ್ಲ, ತೇವ ಆರುವುದಿಲ್ಲ, ದಿನಾ ಫಾಯಿಲ್ ಹರಿಯುವ ಕೆಲಸವೂ ಇಲ್ಲ.

ಇಡೀ ಸೆಲ್ಲೇ ಹಸಿರಾಗಿದೆ. ಆ್ಯಂಟಿಬಾಡಿ ಕೆಟ್ಟಿದೆಯಾ?

ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಉತ್ತರ ಬಹಳಷ್ಟು ಸಲ: ಇಲ್ಲ, ಆ್ಯಂಟಿಬಾಡಿ ನಿಜವನ್ನೇ ಹೇಳುತ್ತಿದೆ.

ಸೆಲ್ಲಿನಲ್ಲಿರುವ ಡೈನೀನ್ ಎಲ್ಲವೂ ಏಕಕಾಲಕ್ಕೆ ರಸ್ತೆಯಲ್ಲಿ ಇರುವುದಿಲ್ಲ. ದೊಡ್ಡ ಪಾಲು ಸುಮ್ನೆ ಸೈಟೊಪ್ಲಾಸಂನಲ್ಲಿ ತೇಲುತ್ತಿರುತ್ತದೆ. ಡಿಪೋದಲ್ಲಿ ನಿಂತ ಬಸ್ಸುಗಳ ಹಾಗೆ. ಸೆಲ್ಲನ್ನು ಇದ್ದ ಹಾಗೇ ನಿಲ್ಲಿಸಲು, ಅಂದರೆ ಫಿಕ್ಸ್ ಮಾಡಲು, ಫಾರ್ಮಾಲ್ಡಿಹೈಡ್ ಹಾಕಿದ ತಕ್ಷಣ ತೇಲುವುದೂ ಓಡುವುದೂ ಇದ್ದಲ್ಲೇ ಬಿಗಿಯಾಗುತ್ತವೆ. ಆ್ಯಂಟಿಬಾಡಿ ಎರಡನ್ನೂ ಹಿಡಿಯುತ್ತದೆ. ನಮಗೆ ಬೇಕಾದ ಓಡುವ ಬಸ್ಸು ಡಿಪೋದ ಬೆಳಕಿನಲ್ಲಿ ಮುಳುಗಿಹೋಗುತ್ತದೆ.

ತೇಲುವುದನ್ನು ತೊಳೆದು ಹಾಕುವುದು ಒಂದು ದಾರಿ. ಫಿಕ್ಸ್ ಮಾಡುವ ಮುಂಚೆ, ಮೈಕ್ರೊಟ್ಯೂಬ್ಯೂಲ್ ಕೆಡದಂಥ ಬಫರಿನಲ್ಲಿ ಸ್ವಲ್ಪ ಟ್ರೈಟಾನ್ (ಸೋಪಿನಂಥ ದ್ರವ) ಬೆರೆಸಿ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ತಕ್ಷಣ ಫಿಕ್ಸ್ ಮಾಡಿ. ಪೊರೆ ತೂತಾಗಿ ತೇಲುವ ಡೈನೀನ್ ಹೊರಗೆ ಹೋಗುತ್ತದೆ, ಯಾವುದನ್ನಾದರೂ ಹಿಡಿದು ನಿಂತದ್ದು ಉಳಿಯುತ್ತದೆ. ಒಂದು ನಿಮಿಷ ದಾಟಿದರೆ ಉಳಿಯಬೇಕಾದದ್ದೂ ಹೋಗುತ್ತದೆ, ಗಡಿಯಾರ ಎದುರಿಗೇ ಇರಲಿ. ಮೈನಸ್ 20 ಡಿಗ್ರಿ ಮೆಥನಾಲ್‌ನಲ್ಲಿ ಐದು ನಿಮಿಷ ಇಡುವುದು ಇನ್ನೊಂದು ದಾರಿ. ಮೈಕ್ರೊಟ್ಯೂಬ್ಯೂಲ್ ಚೆನ್ನಾಗಿ ಕಾಣುತ್ತದೆ, ಆಮೇಲೆ ಟ್ರೈಟಾನ್ ಬೇಕಿಲ್ಲ. ಆದರೆ ಪೊರೆಯ ಕೊಬ್ಬು ಕರಗುತ್ತದೆ. ನೀವು ನೋಡಬೇಕಾಗಿದ್ದು ವೆಸಿಕಲ್ (ಪೊರೆಯ ಪುಟ್ಟ ಚೀಲ) ಆದರೆ ಇದು ಬೇಡ.

ಕಾಣದ ಇನ್ನೊಂದು ತಪ್ಪಿದೆ. ಫಿಕ್ಸ್ ಮಾಡುವ ಮುಂಚೆ ಸೆಲ್‌ಗಳನ್ನು ಫ್ರಿಜ್‌ನಿಂದ ತೆಗೆದ ತಣ್ಣನೆ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್) ತೊಳೆಯುವುದು. ಚಳಿಗೆ ಮೈಕ್ರೊಟ್ಯೂಬ್ಯೂಲ್ ಕಳಚಿಕೊಳ್ಳುತ್ತದೆ. ರಸ್ತೆಯನ್ನೇ ಕಿತ್ತು ಹಾಕಿ ಬಸ್ಸು ಎಲ್ಲಿ ಅಂತ ಹುಡುಕಿದ ಹಾಗೆ. ಪಿಬಿಎಸ್ 37 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳಿ.

ಇಷ್ಟೆಲ್ಲ ಬೇಡ, ಸ್ಪಷ್ಟವಾಗಿ ಒಂದು ಕಡೆ ಕಂಡರೆ ಸಾಕು ಅನ್ನುವವರು ಎರಡಾಗಿ ಒಡೆಯುತ್ತಿರುವ ಸೆಲ್ ನೋಡಿ. ಕ್ರೋಮೋಸೋಮ್‌ಗೆ ಮೈಕ್ರೊಟ್ಯೂಬ್ಯೂಲ್ ಇನ್ನೂ ಸಿಕ್ಕಿರದ ಹೊತ್ತಿನಲ್ಲಿ ಡೈನೀನ್ ಕೈನೆಟೊಕೋರ್ (ಕ್ರೋಮೋಸೋಮ್ ಮೇಲೆ ಮೈಕ್ರೊಟ್ಯೂಬ್ಯೂಲ್ ಹಿಡಿಯುವ ಜಾಗ) ಮೇಲೆ ಬಂದು ಸೇರುತ್ತದೆ. ನೊಕೊಡಜೋಲ್ ಕೊಟ್ಟು ಮೈಕ್ರೊಟ್ಯೂಬ್ಯೂಲ್ ಕರಗಿಸಿದರೆ ಅದು ಇನ್ನೂ ಹೆಚ್ಚಾಗುತ್ತದೆ. ನೀಲಿ ಬಣ್ಣ ಹಾಕಿದ ಡಿಎನ್‌ಎ ಮೇಲೆ ಹಸಿರು ಚುಕ್ಕಿಗಳು ಜೋಡಿ ಜೋಡಿಯಾಗಿ ಕಾಣುತ್ತವೆ. ಹೊಸ ಆ್ಯಂಟಿಬಾಡಿ ಬಂದಾಗ ನಾನು ಮೊದಲು ಮಾಡುವ ಸ್ಲೈಡ್ ಇದೇ.

ಅಲ್ಲಲ್ಲಿ ಜೋರಾಗಿ ಹೊಳೆಯುವ ಚುಕ್ಕಿ, ಸೆಲ್ ಹೊರಗೂ ಇದೆ. ಏನದು?

ಡೈನೀನ್ ಅಂತೂ ಅಲ್ಲ. ಆ್ಯಂಟಿಬಾಡಿಯ ಗಂಟು ಇರಬಹುದು, ಧೂಳಿರಬಹುದು. ನಮ್ಮ ಕಡೆ ಇನ್ನೊಂದು ಇದೆ: ಅರಿಶಿನ. ಅದರೊಳಗಿನ ಕರ್ಕ್ಯುಮಿನ್ ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುತ್ತದೆ.

ಒಂದು ಸಲ ಆಯುಧ ಪೂಜೆ ಮುಗಿದ ಮೇಲೆ ಬಂದ ಸ್ಲೈಡುಗಳಲ್ಲೆಲ್ಲ ಇಂಥ ಚುಕ್ಕಿಗಳು. ಮೂರು ದಿನ ಬ್ಲಾಕಿಂಗ್ (ಆ್ಯಂಟಿಬಾಡಿ ಬೇಡದ ಕಡೆ ಅಂಟದಂತೆ ಮೊದಲು ಹಾಕುವ ದ್ರವ) ಬದಲಾಯಿಸಿದೆವು, ಬಫರ್ ಸೋಸಿದೆವು. ಕೊನೆಗೆ ಏನೂ ಹಾಕದ ಬರೀ ಸ್ಲೈಡ್ ಇಟ್ಟು ನೋಡಿದರೂ ಅವೇ ಚುಕ್ಕಿ. ಮೈಕ್ರೋಸ್ಕೋಪಿಗೆ ಭಕ್ತಿಯಿಂದ ಅರಿಶಿನ-ಕುಂಕುಮ ಇಟ್ಟಿದ್ದೆವಲ್ಲ, ಪುಡಿ ಸ್ಟೇಜ್ ಮೇಲೆ ಉದುರಿತ್ತು. ಈಗ ಪೂಜೆ ಮಾಡುವುದು ಕೋಣೆಯ ಬಾಗಿಲಿಗೆ, ಒಳಗಿನ ಯಂತ್ರಕ್ಕೆ ಬರೀ ಹೂವು. ಮಧ್ಯಾಹ್ನ ಚಿತ್ರಾನ್ನ ತಿಂದ ಕೈಯಲ್ಲಿ ಕವರ್‌ಸ್ಲಿಪ್ ಮುಟ್ಟುವವರಿಗೂ ಇದೇ ಮಾತು. ಗ್ಲೌಸ್ ಹಾಕಿ.

ಕಾಣುತ್ತಿರುವುದು ಡೈನೀನೇ ಅಂತ ಹೇಗೆ ನಂಬುವುದು?

ಹೊಳಪನ್ನು ನಂಬಬೇಡಿ, ಹೊಳಪು ಹೋಗುವುದನ್ನು ನಂಬಿ. ಎಸ್‌ಐಆರ್‌ಎನ್‌ಎ (ಒಂದು ಪ್ರೋಟೀನ್ ತಯಾರಾಗುವುದನ್ನು ತಡೆಯುವ ಪುಟ್ಟ ಆರ್‌ಎನ್‌ಎ) ಹಾಕಿ ಇಂಟರ್ಮೀಡಿಯೇಟ್ ಚೈನ್ ಕಡಿಮೆ ಮಾಡಿದ ಸೆಲ್‌ನಲ್ಲಿ ಹಸಿರು ಇಳಿಯಬೇಕು. ಅದೇ ಸ್ಲೈಡಿನಲ್ಲಿ ಗಾಲ್ಜಿಗೂ (ಪ್ರೋಟೀನ್‌ಗಳನ್ನು ವಿಂಗಡಿಸಿ ಕಳಿಸುವ ಸೆಲ್ಲಿನ ಭಾಗ) ಒಂದು ಬಣ್ಣ ಹಾಕಿ. ಡೈನೀನ್ ಇಲ್ಲದಿದ್ದರೆ ನ್ಯೂಕ್ಲಿಯಸ್ ಪಕ್ಕ ಗುಂಪಾಗಿ ಇರಬೇಕಾದ ಗಾಲ್ಜಿ ಚೂರುಚೂರಾಗಿ ಹರಡುತ್ತದೆ. ಹಸಿರು ಇಳಿಯಿತು, ಗಾಲ್ಜಿಯೂ ಚದುರಿತು ಅಂದರೆ ಎರಡು ಸಾಕ್ಷಿ ಸಿಕ್ಕ ಹಾಗೆ. ಹಸಿರು ಹಾಗೇ ಇದ್ದು ಗಾಲ್ಜಿ ಮಾತ್ರ ಚದುರಿದ್ದರೆ ನಿಮ್ಮ ಹಸಿರಿನ ಮೇಲೇ ಅನುಮಾನ ಪಡಿ.

ಐಸೊಟೈಪ್ ಕಂಟ್ರೋಲ್ ಕೂಡ ಬೇಕು: ಅದೇ ಪ್ರಾಣಿ, ಅದೇ ವರ್ಗ, ಅದೇ ಡೈ, ಅದೇ ಪ್ರಮಾಣ, ಆದರೆ ಸೆಲ್‌ನಲ್ಲಿ ಹಿಡಿಯಲು ಏನೂ ಇಲ್ಲದ ಆ್ಯಂಟಿಬಾಡಿ. ಕೆಲವರು ಬಣ್ಣವಿಲ್ಲದ ಅದೇ ಆ್ಯಂಟಿಬಾಡಿ ಮೊದಲು ಹಾಕಿ, ಆಮೇಲೆ ಬಣ್ಣದ್ದು ಹಾಕಿ, ಹೊಳಪು ಇಳಿಯಿತು ಅಂತ ಖುಷಿಪಡುತ್ತಾರೆ. ಅದರಿಂದ ಗೊತ್ತಾಗುವುದು ಡೈ ತಾನಾಗಿ ಎಲ್ಲೂ ಅಂಟುತ್ತಿಲ್ಲ ಅಂತ ಮಾತ್ರ. ಆ್ಯಂಟಿಬಾಡಿಯೇ ತಪ್ಪು ಪ್ರೋಟೀನ್ ಹಿಡಿದಿದ್ದರೂ ಫಲಿತಾಂಶ ಹಾಗೇ ಬರುತ್ತದೆ.

ಒಂದೊಂದು ಚುಕ್ಕಿಯೂ ಒಂದೊಂದು ಮೋಟಾರಾ?

ಹಾಗೆ ಹೇಳಲಾಗದು. ಸಾಮಾನ್ಯ ಕನ್ಫೋಕಲ್ ಅನ್ನೋ ಲೇಸರ್ ಮೈಕ್ರೋಸ್ಕೋಪಿನಲ್ಲಿ ಸುಮಾರು 250 ನ್ಯಾನೊಮೀಟರ್ ಒಳಗಿನ ಎರಡು ವಸ್ತು ಒಂದೇ ಚುಕ್ಕಿಯಾಗಿ ಕಾಣುತ್ತವೆ. ಅಷ್ಟು ಜಾಗದಲ್ಲಿ ಎಷ್ಟೋ ಮೋಟಾರ್ ಹಿಡಿಸುತ್ತವೆ. 25 ನ್ಯಾನೊಮೀಟರ್ ಮೈಕ್ರೊಟ್ಯೂಬ್ಯೂಲೇ ಅಲ್ಲಿ ಹತ್ತುಪಟ್ಟು ದಪ್ಪಗೆ ಕಾಣುತ್ತದೆ. ವರದಿಯಲ್ಲಿ 'ಡೈನೀನ್ ಚುಕ್ಕಿಗಳು' ಅಂತ ಬರೆಯಿರಿ, 'ಡೈನೀನ್ ಅಣುಗಳು' ಅಂತ ಬೇಡ.

ಜೀವಂತ ಸೆಲ್‌ಗೆ ಹಾಕಬಹುದಾ?

ಇಲ್ಲ. ಆ್ಯಂಟಿಬಾಡಿ 150 ಕಿಲೊಡಾಲ್ಟನ್, ಪೊರೆ ದಾಟುವುದಿಲ್ಲ. ಸೂಜಿಯಲ್ಲಿ ಚುಚ್ಚಿ ಒಳಗೆ ಬಿಟ್ಟರೂ ಡೈನಾಕ್ಟಿನ್ ಕೂರುವ ಜಾಗವನ್ನೇ ಮುಚ್ಚಿಬಿಟ್ಟರೆ ಮೋಟಾರೇ ನಿಲ್ಲಬಹುದು. ಓಡಾಟ ನೋಡಬೇಕಾದರೆ ಜಿಎಫ್‌ಪಿ ಜೋಡಿಸಿದ ಡೈನೀನ್ ಬಳಸಿ.

ವೆಸ್ಟರ್ನ್, ಫ್ಲೋ ಸೈಟೊಮೆಟ್ರಿಗೆ?

ಒಂದೊಂದೇ ಸೆಲ್ಲಿನ ಹೊಳಪು ಅಳೆಯುವ ಫ್ಲೋಗೆ ಆಗುತ್ತದೆ, ಸೆಲ್ ಫಿಕ್ಸ್ ಮಾಡಿ ತೂತು ಮಾಡಿಕೊಂಡರೆ. ಒಟ್ಟು ಎಷ್ಟಿದೆ ಅಂತ ತಿಳಿಯುತ್ತದೆ, ಎಲ್ಲಿದೆ ಅಂತ ತಿಳಿಯುವುದಿಲ್ಲ. ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಮೆಂಬ್ರೇನ್ ಮೇಲೆ ನೋಡುವ ವೆಸ್ಟರ್ನ್‌ಗೆ ಹಸಿರು ಡೈ ಬೇಡ, ಮೆಂಬ್ರೇನೇ ಆ ಬಣ್ಣದಲ್ಲಿ ಹೊಳೆದು ಕಾಡುತ್ತದೆ. ಬಣ್ಣವಿಲ್ಲದ್ದು ತಗೊಂಡು 74 ಕಿಲೊಡಾಲ್ಟನ್ ಹತ್ತಿರ ಬ್ಯಾಂಡ್ ನೋಡಿ.

ನಾವೇ ಡೈ ಅಂಟಿಸಿಕೊಂಡರೆ ದುಡ್ಡು ಉಳಿಯುತ್ತಾ?

ಉಳಿಯುತ್ತದೆ, ಕೈ ಪಳಗಿದ್ದರೆ. ಡೈ ಅಂಟುವುದು ಆ್ಯಂಟಿಬಾಡಿಯ ಲೈಸೀನ್ ಅನ್ನೋ ಅಮೈನೊ ಆಮ್ಲಗಳ ಅಮೈನ್ ಗುಂಪಿಗೆ. ಹಾಗಾಗಿ ಆ್ಯಂಟಿಬಾಡಿ ಜೊತೆ ಅಮೈನ್ ಇರುವ ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನ್), ಟ್ರಿಸ್, ಗ್ಲೈಸೀನ್ ಇರಬಾರದು. ಇದ್ದರೆ ಡೈ ಎಲ್ಲ ಅವಕ್ಕೇ ಹೋಗುತ್ತದೆ.

ಮುಗಿದ ಮೇಲೆ ಒಂದು ಆ್ಯಂಟಿಬಾಡಿಗೆ ಎಷ್ಟು ಡೈ ಅಂಟಿದೆ ಅಂತ ಲೆಕ್ಕ ಹಾಕಿ. ಅಲೆಕ್ಸಾ 488 ಅಂದುಕೊಳ್ಳಿ, 280 ನ್ಯಾನೊಮೀಟರ್ ಬೆಳಕು ಹೀರಿದ ರೀಡಿಂಗ್ 1.00, 494ರಲ್ಲಿ 1.50 ಬಂತು. ಡೈ ಕೂಡ 280ರಲ್ಲಿ ಸ್ವಲ್ಪ ಹೀರುತ್ತದೆ. ಅದಕ್ಕೆ 1.50ರ 0.11 ಪಾಲು, ಅಂದರೆ 0.165 ಕಳೆಯಿರಿ. ಉಳಿದ 0.835ನ್ನು ಆ್ಯಂಟಿಬಾಡಿಯ ಬೆಳಕು ಹೀರುವ ಸ್ಥಿರಾಂಕ 2,10,000ದಿಂದ ಭಾಗಿಸಿದರೆ ಆ್ಯಂಟಿಬಾಡಿ ಸುಮಾರು 4 ಮೈಕ್ರೊಮೋಲಾರ್. 1.50ನ್ನು ಡೈಯ ಸ್ಥಿರಾಂಕ 71,000ದಿಂದ ಭಾಗಿಸಿದರೆ ಡೈ ಸುಮಾರು 21 ಮೈಕ್ರೊಮೋಲಾರ್. ಒಂದಕ್ಕೆ ಐದು ಚಿಲ್ಲರೆ. ಚೆನ್ನಾಗಿದೆ. 4ರಿಂದ 9 ಒಳಗಿದ್ದರೆ ಸಾಕು. ಜಾಸ್ತಿ ಅಂಟಿಸಿದರೆ ಜಾಸ್ತಿ ಹೊಳೆಯುತ್ತದೆ ಅನ್ನೋದು ಸುಳ್ಳು. ಡೈಗಳು ಒಂದನ್ನೊಂದು ಮಂಕು ಮಾಡುತ್ತವೆ, ಆ್ಯಂಟಿಬಾಡಿ ಕಂಡಲ್ಲೆಲ್ಲ ಅಂಟುತ್ತದೆ.

ನಮ್ಮ ಕಾಲೇಜಿನಲ್ಲಿ ಕನ್ಫೋಕಲ್ ಇಲ್ಲ. ಏನು ಮಾಡೋದು?

ಮಾಮೂಲಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲೇ ಕೈನೆಟೊಕೋರ್ ಸ್ಲೈಡ್ ಚೆನ್ನಾಗಿ ಕಾಣುತ್ತದೆ, ಮೊದಲು ಅದನ್ನು ಮಾಡಿ. ಕನ್ಫೋಕಲ್ ಬೇಕೇ ಬೇಕು ಅಂದರೆ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿ ದಾರಿಗಳಿವೆ. ಐಐಎಸ್‌ಸಿ, ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್, ಜಿಕೆವಿಕೆ ಆವರಣದ ಎನ್‌ಸಿಬಿಎಸ್, ಅದರ ಪಕ್ಕದ ಸಿ-ಕ್ಯಾಂಪ್. ಹೊರಗಿನವರಿಗೆ ಯಾವ ಯಂತ್ರ, ಯಾವ ದರ ಅಂತ ನಿಮ್ಮ ಗೈಡ್ ಮೂಲಕ ಮೊದಲೇ ಬರೆದು ಕೇಳಿ. ಸ್ಲೈಡ್ ಒಯ್ಯುವಾಗ ಕಂಟ್ರೋಲ್ ಸ್ಲೈಡುಗಳೂ ಜೊತೆಗೆ ಇರಲಿ. ಅವನ್ನು ಮನೆಯಲ್ಲಿ ಬಿಟ್ಟು ಬಂದು ಬುಕ್ ಮಾಡಿದ ಎರಡು ಗಂಟೆ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ.

ರೋಗ ಪತ್ತೆಗೆ ಬಳಸಬಹುದಾ?

ಇಲ್ಲ. ಡಬ್ಬಿಯ ಮೇಲೆ 'ಸಂಶೋಧನೆಗೆ ಮಾತ್ರ' ಅಂತ ಇದ್ದರೆ ಅಷ್ಟಕ್ಕೇ.

ಉಳಿದದ್ದನ್ನು ಸಿಂಕಿಗೆ ಸುರಿಯಬಹುದಾ?

ಕೆಡದೆ ಇರಲಿ ಅಂತ ಇದರಲ್ಲಿ ಸ್ವಲ್ಪ ಸೋಡಿಯಂ ಅಜೈಡ್ ಹಾಕಿರುತ್ತಾರೆ. ಅದು ವಿಷ. ತಾಮ್ರ, ಸೀಸದ ಪೈಪಿನಲ್ಲಿ ಕೂತರೆ ಸಿಡಿಯುವಂಥ ಲವಣ ಆಗುತ್ತದೆ. ಆಸಿಡ್ ಜೊತೆ ಸೇರಿದರೆ ವಿಷದ ಗಾಳಿ ಬರುತ್ತದೆ. ನಮ್ಮ ಕೋಣೆಯಲ್ಲಿ ಸಿಂಕಿನ ಎಡಗಡೆ ಹಳದಿ ಮುಚ್ಚಳದ ಕ್ಯಾನ್ ಇದೆ. ವೈಯಲಿನಲ್ಲಿ ಉಳಿದದ್ದು, ಮೊದಲ ಸಲ ತೊಳೆದ ನೀರು, ಎರಡೂ ಅದಕ್ಕೆ. ಮುಚ್ಚಳ ತಿರುಗಿಸಿ ಭದ್ರ ಮಾಡಿ ಹೋಗಿ.